ಹೊಸ ಮಾದರಿ ಸಹಿ

ಮರದ ಮೆಟ್ಟಿಲುಗಳ ಬುಡದಲ್ಲಿ ಒಬ್ಬ ಮನುಷ್ಯ ಕುಳಿತಿದ್ದಾನೆ. ಎಡಗಾಲಿನಲ್ಲಿ ಬೂಟು, ಲೇಸು ಬಿಗಿಯಾಗಿ ಕಟ್ಟಿದೆ. ಬಲಗಾಲಿನಲ್ಲಿ ಬರಿಯ ಕಾಲುಚೀಲ. ಹೆಬ್ಬೆರಳಿನ ಮೇಲೆ ಜೋಪಾನವಾಗಿ ಹಾಕಿದ ತೇಪೆ. ಇನ್ನೊಂದು ಬೂಟು ಅವನ ತೊಡೆಯ ಮೇಲೆ ನಿದ್ದೆಹೋದ ಬೆಕ್ಕಿನಂತೆ ಬಿದ್ದಿದೆ. ತೆರೆದ ಬಾಗಿಲಿನಿಂದ ಬಂದ ಬಿಸಿಲು ಮೊಣಕಾಲಿನವರೆಗೆ ಏರಿ ಅಲ್ಲಿಯೇ ನಿಂತಿದೆ. ಹೊರಗೆ, ಓಣಿಯಲ್ಲಿ, ಒಣಶುಂಠಿಯ ಮೂಟೆಗಳನ್ನು ಹೇರಿದ ಒಂದು ಕೈಗಾಡಿ. ಎಳೆಯುವವನು ಬೀಡಿ ಹಚ್ಚಲೆಂದು ಬಗ್ಗಿದ್ದಾನೆ, ಕಡ್ಡಿ ಇನ್ನೂ ಹೊತ್ತಿಕೊಂಡಿಲ್ಲ. ಓಣಿಯ ತುದಿಯಲ್ಲಿ ಎರಡು ಗೋದಾಮುಗಳ ನಡುವೆ ಅಂಗೈಯಗಲದ ಹಿನ್ನೀರು. ಅದರ ಮೇಲೆ ಬಣ್ಣ ಹಾರಿದ ಒಂದು ದೋಣಿ. ಯಾವುದೂ ಅಲುಗುವುದಿಲ್ಲ. ಆ ಮನುಷ್ಯ ಬೂಟನ್ನು ನೋಡುತ್ತಿದ್ದಾನೆ. ಒಂದು ಕಾಲದಲ್ಲಿ ಚೆನ್ನಾಗಿ ಗೊತ್ತಿದ್ದ, ಈಗ ಅರ್ಥ ಮಾತ್ರ ಮರೆತುಹೋದ ಪದವೊಂದನ್ನು ನೋಡುವ ಹಾಗೆ.

ಅಡುಗೆಮನೆಯ ಹೊಸ್ತಿಲಿನಲ್ಲಿ ನಿಂತಿದ್ದ ರಾಜೀವಿ ಉಸಿರು ಬಿಗಿಹಿಡಿದು ಗಂಡನನ್ನು ನೋಡುತ್ತಿದ್ದಳು. ಅವಳ ಹಿಂದೆ ಕಾವಲಿಯಲ್ಲಿ ದೋಸೆ ಸೀಯುವ ವಾಸನೆ ಎದ್ದಿತ್ತು.

"ಅಪ್ಪಾ, ಪೋಕಂಡೇ?" ಎಂದಳು ಸುಮಿತ್ರ, ಹೋಗಬೇಡವೇ ಎಂದು. ಮಗಳು ಹುಟ್ಟಿದ್ದೇ ಮಟ್ಟಾಂಚೇರಿಯಲ್ಲಿ; ಮನೆಯ ಕನ್ನಡವೆಲ್ಲ ಅವಳ ಕಿವಿಗೆ ಹೋಗಿ ಮಲೆಯಾಳವಾಗಿ ಹೊರಬರುತ್ತಿತ್ತು.

"ಹೋಗ್ಬೇಕು ಮಗಾ," ಎಂದ ರತ್ನಾಕರ. ಹೇಳಿ, ಕಟ್ಟಿದ್ದ ಎಡಗಾಲಿನ ಲೇಸನ್ನು ಬಿಚ್ಚತೊಡಗಿದ.

ಕಾರ್ಕಳದ ಕಡೆಯ ರತ್ನಾಕರ ಬ್ಯಾಂಕಿನ ಗುಮಾಸ್ತನಾಗಿ ಈ ಊರಿಗೆ ಬಂದದ್ದು ಅರವತ್ತರ ದಶಕದ ಆರಂಭದಲ್ಲಿ. ಅದೇ ಬ್ಯಾಂಕಿಗೆ, ಅದೇ ವರ್ಷ, ಮೂಲ್ಕಿಯಿಂದ ವಿಠಲ ಬಂದಿದ್ದ. ಮೆಣಸಿನ ಗೋದಾಮಿನ ಮಾಳಿಗೆಯ ಒಂದೇ ಕೋಣೆಯಲ್ಲಿ ಇಬ್ಬರೂ ಸೀನುತ್ತ ವರ್ಷಗಳನ್ನು ಕಳೆದರು. ರತ್ನಾಕರನಿಗೆ ಟೈಫಾಯ್ಡ್ ಬಂದಾಗ ಗಂಜಿ ಕುಡಿಸಿದವನು, ಬೆನ್ನು ಒರೆಸಿದವನು ವಿಠಲ. ಇಬ್ಬರೂ ಸೇರಿ ಶಾಖೆಯಲ್ಲಿ ಯೂನಿಯನ್ನು ಕಟ್ಟಿದರು. ಮುಂದೆ ರತ್ನಾಕರ ಪರೀಕ್ಷೆ ಬರೆದು ಆಫೀಸರನಾದ. ಆಫೀಸರನಾದವನಿಗೆ ಯೂನಿಯನ್ನಿನಲ್ಲಿ ಜಾಗವಿಲ್ಲ. ಅಂದು ವಿಠಲ ಅವನ ಹೆಗಲಿಗೆ ಗುದ್ದಿ, "ಆಯ್ತು ಮಾರಾಯ, ಇನ್ನು ನೀನು ಕೌಂಟರಿನ ಆ ಕಡೆ. ಸಿಕ್ಕಿದ್ರೆ ಸಲಾಂ ಹೊಡೀತೇನೆ, ಬೈಯುವಾಗ ಕಿವಿ ಮುಚ್ಕೋ," ಎಂದಿದ್ದ. ನಗುತ್ತಲೇ ಹೇಳಿದ್ದ.

ಎಪ್ಪತ್ತಮೂರರ ದೀಪಾವಳಿಯ ನಂತರದ ಒಂದು ಮಧ್ಯಾಹ್ನ ಮ್ಯಾನೇಜರ್ ಕೃಷ್ಣಾನಂದರ ಕೋಣೆಯಲ್ಲಿ ಮೂವರೇ ಇದ್ದರು: ಅವರು, ವಿಠಲ, ರತ್ನಾಕರ. ಟೈಪಿಸ್ಟ್ ಕಮಲ ತಂದೆಗೆ ಸೀರಿಯಸ್ಸೆಂದು ಕಾಸರಗೋಡಿಗೆ ಹೋಗಲು ರಜೆ ಕೇಳಿದ್ದಳು. ರಜೆ ಸಿಕ್ಕಿರಲಿಲ್ಲ, ತಂದೆ ತೀರಿಕೊಂಡಿದ್ದರು. ಅದನ್ನು ಕೇಳಲು ವಿಠಲ ಒಳಗೆ ಹೋಗಿದ್ದ. ಕೃಷ್ಣಾನಂದರು ತಲೆ ಎತ್ತದೆ, "ಸಾಯುವ ಮೊದಲು ಹೋದರೂ ಸತ್ತ ಮೇಲೆ ಹೋದರೂ ರಜೆ ಅಷ್ಟೇ ದಿನದ್ದಲ್ವಾ ವಿಠಲ? ಲಾಭವೇ ಆಯ್ತು," ಎಂದರು. ಮರುಕ್ಷಣ ಅವರು ಕಬ್ಬಿಣದ ಕಪಾಟಿನ ಅಂಚಿಗೆ ಬಡಿದು ನೆಲದ ಮೇಲಿದ್ದರು. ಭುಜದ ಮೂಳೆ ಮುರಿದಿತ್ತು. ಮೇಜಿನ ಪಕ್ಕದಲ್ಲಿ ನಿಂತಿದ್ದ ರತ್ನಾಕರನೊಬ್ಬನೇ ಸಾಕ್ಷಿ.

ಆ ಸಂಜೆ ಅವನು ಹೆಂಡತಿಗೆ ಹೇಳಿದ: "ದೂಡಿದ. ನಾನೇ ನೋಡಿದೆ. ಎರಡೂ ಕೈ ಎದೆಗೆ ಕೊಟ್ಟು ದೂಡಿದ."

"ಯಾರು ಕೇಳಿದ್ರೂ ಹೀಗೇ ಹೇಳ್ತೀರಾ?"

"ಮತ್ತೆ? ನೋಡಿದ್ದನ್ನು ನೋಡಿಲ್ಲ ಅನ್ಲಿಕ್ಕೆ ಆಗ್ತದಾ?"

ವಿಠಲ ತಾನು ಮುಟ್ಟಲೇ ಇಲ್ಲ, ಸಾಹೇಬರು ಎದ್ದ ಗಡಿಬಿಡಿಯಲ್ಲಿ ಜಾರಿಬಿದ್ದರು ಎಂದು ಬರೆದುಕೊಟ್ಟ. ತಿರುವನಂತಪುರದ ಪ್ರಾದೇಶಿಕ ಕಚೇರಿಯಲ್ಲಿ ವಿಚಾರಣೆ ಎಂದು ಗೊತ್ತಾಯಿತು. ದೂಡಿದ್ದು ಸಾಬೀತಾದರೆ ವಿಠಲನ ಕೆಲಸ ಹೋಗುತ್ತದೆ. ಸಾಹೇಬರ ಮಾತಿಗೆ ಎದುರಾಗಿ ವಿಠಲನ ಮಾತು; ಸಾಬೀತಾಗುವುದೋ ಇಲ್ಲವೋ ಎಂಬುದು ರತ್ನಾಕರನ ನಾಲಗೆಯ ಮೇಲೆ ನಿಂತಿತ್ತು.

ಮೊದಮೊದಲು ರಾಜೀವಿ ಗಂಡನಿಗೆ ಹಿಡಿದದ್ದನ್ನು ಚಿಂತೆ ಎಂದುಕೊಂಡಳು. ಚಿಂತೆಗೆ ಒಂದು ದಿಕ್ಕಿರುತ್ತದೆ, ಇದಕ್ಕೆ ಇರಲಿಲ್ಲ ಎಂಬುದು ನಿಧಾನವಾಗಿ ಹೊಳೆಯಿತು. ಮೀನು ತರಲೆಂದು ಹೊರಟವನು ಓಣಿಯ ತಿರುವಿನಿಂದ ಹಿಂದೆ ಬಂದು ಛತ್ರಿ ತೆಗೆದುಕೊಳ್ಳುವನು. ಮತ್ತೆ ಬಂದು ಛತ್ರಿಯನ್ನಿಟ್ಟು ಹೋಗುವನು. ಎರ್ನಾಕುಳಂ ಬೋಟನ್ನು ಹತ್ತಿ, ಹಗ್ಗ ಬಿಚ್ಚುವ ಹೊತ್ತಿಗೆ ಜೆಟ್ಟಿಗೆ ಹಾರಿಬಿಡುವನು. ವಿಠಲನನ್ನು ಅವನು ಈಗ ಹಿಂದೆಂದಿಗಿಂತ ಹೆಚ್ಚು ಹೊಗಳುತ್ತಿದ್ದ, ಯಾರೂ ಕೇಳದಿದ್ದರೂ. ಹೊಗಳುವಾಗ ಬಲಗೈ ತಾನಾಗಿ ಜಾರಿ ತೊಡೆಯ ಕೆಳಗೆ ಸೇರಿಕೊಳ್ಳುತ್ತಿತ್ತು. ಊಟದ ನಡುವೆ ಆ ಕೈ ತುತ್ತಿನೊಂದಿಗೆ ತಟ್ಟೆಯ ಮೇಲೆಯೇ ನಿಲ್ಲುತ್ತಿತ್ತು. ಒಂದು ದಿನ ಅವನು ಸುಮ್ಮನೆ ಎಂಬಂತೆ ಕೇಳಿದ:

"ಆ ದಿನ ಬ್ಯಾಂಕಿನ ನೆಲ ನೀರು ಹಾಕಿ ಒರೆಸಿದ್ರು, ಅಲ್ವಾ?"

"ನನಗೆ ಹೇಗೆ ಗೊತ್ತು? ನಿಮ್ಮ ಬ್ಯಾಂಕು, ನಿಮ್ಮ ನೆಲ."

"ಅಲ್ಲ, ಒರೆಸಿದ್ರೆ ಜಾರ್ತದೆ."

ಸುಳ್ಳು ಹೇಳಲು ಅಣಿಯಾಗುತ್ತಿರುವ ಗಂಡಸನ್ನು ರಾಜೀವಿ ಅರ್ಥಮಾಡಿಕೊಳ್ಳಬಲ್ಲವಳಾಗಿದ್ದಳು. ಇವನು ತನ್ನ ಕಣ್ಣುಗಳನ್ನೇ ಬಿಟ್ಟುಕೊಡಲು ಹೊರಟಿದ್ದ.

ಬ್ಯಾಂಕಿನಲ್ಲಿಯೂ ಅದು ಕಂಡಿತ್ತು. ಆದರೆ ಅಲ್ಲಿಯವರು ತಮ್ಮ ಕಸುಬಿನ ಕಣ್ಣಿನಿಂದ ಕಂಡರು. ರತ್ನಾಕರ ಸಹಿ ಹಾಕಿದ ಡಿಮಾಂಡ್ ಡ್ರಾಫ್ಟುಗಳು ಬೇರೆ ಊರುಗಳ ಶಾಖೆಗಳಿಗೆ ಹೋದಾಗ ಅಲ್ಲಿಯ ಅಧಿಕಾರಿ ಆ ಸಹಿಯನ್ನು ತನ್ನಲ್ಲಿರುವ ಮಾದರಿಯೊಂದಿಗೆ ಹೋಲಿಸಿ ನೋಡಬೇಕು; ಅದು ಪದ್ಧತಿ. ಮೊದಲು ಕೋಟ್ಟಯಂನಿಂದ, ಆಮೇಲೆ ಮಂಗಳೂರಿನಿಂದ, ಹುಬ್ಬಳ್ಳಿಯಿಂದ ಡ್ರಾಫ್ಟುಗಳು ಮರಳಿ ಬಂದವು: ಸಹಿ ತಾಳೆಯಾಗುವುದಿಲ್ಲ. ಜೊತೆಯ ಆಫೀಸರ್ ಮೋಹನ ಭಾನುವಾರ ಊಟಕ್ಕೆ ಬಂದಾಗ ಆ ಕಥೆಯನ್ನು ರಾಜೀವಿಗೆ ರಸವತ್ತಾಗಿ ಹೇಳಿದ.

"ನಿಮ್ಮ ಯಜಮಾನರ ಕೈ ಯಕ್ಷಗಾನಕ್ಕೆ ಸೇರಿದೆ ಅಕ್ಕ. ಬೆಳಿಗ್ಗೆ ಒಂದು ವೇಷ, ಸಂಜೆ ಒಂದು ವೇಷ."

"ಮತ್ತೆ ಎಂತ ಮಾಡಿದ್ರಿ?"

"ಎಂತ ಮಾಡುವುದು? ಹೊಸ ಮಾದರಿ ಸಹಿ ತಗೊಂಡೆವು. ಹಳೇದು ರದ್ದು, ಇದೇ ಸರಿ ಅಂತ ಎಲ್ಲಾ ಶಾಖೆಗಳಿಗೆ ಸರ್ಕ್ಯುಲರ್ ಹೋಯ್ತು. ಒಂದೇ ದಿನದಲ್ಲಿ ಕೆಲಸ ಕ್ಲೀನ್."

"ಕೈಗೆ ಎಂತ ಆಯ್ತು ಅಂತ ಯಾರೂ ಕೇಳ್ಲಿಲ್ವಾ?"

ಮೋಹನ ಹಪ್ಪಳ ಮುರಿಯುತ್ತಿದ್ದವನು ತಡೆದ. ಆ ಪ್ರಶ್ನೆ ಅವನಿಗೆ ಹೊಸತಾಗಿತ್ತು. "ಕೇಳ್ಲಿಕ್ಕೆ ಎಂಥದ್ದು? ತಾಳೆ ಆಯ್ತಲ್ಲ," ಎಂದ. ರತ್ನಾಕರ ನಕ್ಕ. ಅವನ ಬಲಗೈ ಮೇಜಿನ ಮೇಲೆ ಇರಲಿಲ್ಲ.

ಮಟ್ಟಾಂಚೇರಿಯ ವೈದ್ಯರು ಕೈ ತಿರುಗಿಸಿ ನೋಡಿ, ನರ ಸರಿಯಿದೆ, ಮುರಿವೆಣ್ಣೆ ತೈಲ ಹಚ್ಚಿ ತಿಕ್ಕಿ ಎಂದು ಕಳಿಸಿದರು. ಮನಸ್ಸಿನ ವೈದ್ಯರು ಎರ್ನಾಕುಳದಲ್ಲಿ ಇದ್ದಾರೆಂದು ಗೊತ್ತಿತ್ತು. ಆದರೆ ರತ್ನಾಕರನ ಮಲೆಯಾಳ ಪೇಟೆಯ ಮಲೆಯಾಳ, ಇಂಗ್ಲಿಷು ಆಫೀಸಿನ ಇಂಗ್ಲಿಷು. ಒಳಗಿನದನ್ನು ಹೊರಗೆ ತೆಗೆಯಲು ಅವನಿಗಿದ್ದದ್ದು ಒಂದೇ ಭಾಷೆ. ಆ ಭಾಷೆ ಬಲ್ಲ ವೈದ್ಯರನ್ನು ಪರಸ್ಥಳದಲ್ಲಿ ಹುಡುಕುವುದು ಹೇಗೆ? ಊರು ಬಿಟ್ಟು ಬಂದ ಕನ್ನಡದವರು ಮನೆ, ಹಾಲು, ಶಾಲೆ, ಗಂಡು, ಹೆಣ್ಣು ಎಲ್ಲವನ್ನೂ ಹುಡುಕುತ್ತಿದ್ದದ್ದು ಒಂದೇ ರೀತಿಯಲ್ಲಿ: ಇನ್ನೊಬ್ಬ ಕನ್ನಡದವರನ್ನು ಕೇಳಿ. ಮತ್ತು ಮಟ್ಟಾಂಚೇರಿಯಲ್ಲಿ ಎಲ್ಲರೂ ಕೇಳುತ್ತಿದ್ದದ್ದು ವಿಠಲನ ಹೆಂಡತಿ ವಿಜಯಾಳನ್ನು. ಅವಳ ಅಣ್ಣ ತಿರುವನಂತಪುರದ ರಾಕೆಟ್ಟಿನ ಕಚೇರಿಯಲ್ಲಿದ್ದ. ಅಲ್ಲಿಯ ಕನ್ನಡ ಕುಟುಂಬಗಳೆಲ್ಲ ಅವನಿಗೆ ಗೊತ್ತು.

ಗಂಡಂದಿರು ಮಾತು ಬಿಟ್ಟಿದ್ದರೂ ಹೆಂಗಸರು ಬಿಟ್ಟಿರಲಿಲ್ಲ. ತರಕಾರಿ ಅಂಗಡಿಯ ಮುಂದೆ ರಾಜೀವಿ ಅವಳ ಕೈ ಹಿಡಿದಳು.

"ವಿಜಯಾ, ಇವರಿಗೆ ಒಬ್ಬ ಡಾಕ್ಟರು ಬೇಕು. ಮನಸ್ಸಿನ ಡಾಕ್ಟರು. ಕನ್ನಡ ಗೊತ್ತಿರುವವರು."

ವಿಜಯಾಳ ಕಣ್ಣು ತುಂಬಿತು. "ಅಷ್ಟಾಗಿದೆಯಾ? ನಮ್ಮಿಂದಲೇ ಅಲ್ವಾ ಇದೆಲ್ಲ..." ಎಂದಳು. ವಾರದೊಳಗೆ ಹೆಸರು ತಂದುಕೊಟ್ಟಳು: ಮೈಸೂರಿನವರು, ನಟರಾಜ ಅಂತ, ಉಳ್ಳೂರಿನಲ್ಲಿ ಮೆಡಿಕಲ್ ಕಾಲೇಜಿನ ಹತ್ತಿರ ಮನೆ. "ಅಣ್ಣ ಮಾತಾಡಿದ್ದಾನೆ. ವಿಚಾರಣೆಯ ಹಿಂದಿನ ದಿನವೇ ಬರ್ಲಿಕ್ಕೆ ಹೇಳಿದ್ದಾರೆ."

ಸುಮಿತ್ರಳನ್ನು ಮೋಹನನ ಮನೆಯಲ್ಲಿ ಬಿಟ್ಟು ಗಂಡಹೆಂಡಿರು ರೈಲು ಹತ್ತಿದರು. ತಿರುವನಂತಪುರದ ತಂಪಾನೂರಿನ ಲಾಡ್ಜೊಂದರ ಮಹಡಿಯಲ್ಲಿ, ಬಸ್ ನಿಲ್ದಾಣದ ಗದ್ದಲಕ್ಕೆ ಕಿಟಕಿ ತೆರೆದ ಒಂದು ಕೋಣೆ ಸಿಕ್ಕಿತು. ಸಂಜೆ ಉಳ್ಳೂರಿಗೆ ಹೋದರು.

ನಟರಾಜ ವೈದ್ಯರು ಪಂಚೆಯುಟ್ಟು ಮುಂಗೋಣೆಯಲ್ಲಿ ಕುಳಿತಿದ್ದರು. ಎರಡೂ ಕೈಗಳನ್ನು ಮುಟ್ಟಿ ನೋಡಿದರು, ಮುಷ್ಟಿ ಹಿಡಿಸಿದರು. ಬಳಿಕ ಆ ದಿನದ ಸಂಗತಿಯನ್ನು ಹೇಳಿಸಿದರು. ರತ್ನಾಕರ ಕಪಾಟು, ಮೇಜು, ಕಿಟಕಿ ಎಲ್ಲವನ್ನೂ ವರ್ಣಿಸಿದ. ನಡುವಿನ ಒಂದು ಕ್ಷಣವನ್ನು ಮಾತ್ರ ಗುಂಡಿಯನ್ನು ದಾಟುವವನಂತೆ ದಾಟಿದ.

"ಅವರು ಆ ಮಾತು ಅಂದ್ರಲ್ಲ, ಲಾಭವೇ ಆಯ್ತು ಅಂತ, ಆಗ ನಿಮಗೆ ಏನನ್ನಿಸ್ತು ಸ್ವಾಮಿ?"

"ನನಗೆ ಎಂತ ಅನ್ನಿಸ್ಲಿಕ್ಕುಂಟು? ನಾನು ಆಫೀಸರು."

"ಆಫೀಸರನ್ನ ಆಮೇಲೆ ಕೇಳೋಣ. ತಂದೆ ಹೋದ ಮೇಲೆ ಕಮಲ ಅನ್ನೋ ಆ ಹುಡುಗಿ ಮುಖ ನೋಡಿದ್ರಾ ನೀವು?"

ರತ್ನಾಕರ ಗೋಡೆಗೆ ಹೇಳುವಂತೆ ಹೇಳಿದ. "ನನ್ನ ಕೈ ಮುಂದೆ ಹೋಗಿತ್ತು."

"ಯಾರ ಕೈ?"

"ನನ್ನದು. ಬಲಗೈ. ವಿಠಲನಿಗಿಂತ ಮೊದಲು ನಾನೇ ದೂಡ್ತಿದ್ದೆನೋ ಏನೋ. ಅವನು ದೂಡಿಬಿಟ್ಟ. ಸಾಹೇಬರು ಬಿದ್ದಾಗ..." ಅವನು ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡ. "ಖುಷಿಯಾಯ್ತು ಡಾಕ್ಟ್ರೇ. ಖುಷಿಪಟ್ಟವನು ನಾನು. ಈಗ ಅವನ ವಿರುದ್ಧ ಬೆರಳು ತೋರಿಸಬೇಕಾದವನೂ ನಾನೇ."

ರಾಜೀವಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಇಷ್ಟು ತಿಂಗಳು ತಾನು ಕಂಡದ್ದು ಬೇರೆಬೇರೆ ನೆರಳುಗಳನ್ನು; ನೆರಳು ಬೀಳಿಸಿದ ವಸ್ತು ಇದು.

"ಕೈಗೆ ಕಾಯಿಲೆ ಇಲ್ಲ," ಎಂದರು ವೈದ್ಯರು. "ನೀವು ಒಪ್ಪಿಕೊಳ್ಳದೇ ಇದ್ದದ್ದನ್ನ ಅದು ಹೊತ್ಕೊಂಡು ತಿರುಗ್ತಾ ಇತ್ತು, ಅಷ್ಟೆ. ನಾಳೆ ಹೋಗೋದು ಬೇಡ ಅಂದ್ರೆ ಸರ್ಟಿಫಿಕೇಟ್ ಕೊಡ್ತೀನಿ."

"ಬೇಡ. ಹೇಳ್ತೇನೆ. ಅವನು ದೂಡಿದ್ದು, ಸಾಹೇಬರು ಆಡಿದ ಮಾತು, ನನ್ನ ಕೈ ಮುಂದೆ ಹೋದದ್ದು, ಎಲ್ಲಾ ಹೇಳ್ತೇನೆ. ಆಮೇಲೆ ಏನು ಬೇಕಾದ್ರೂ ಆಗ್ಲಿ."

"ಅದೂ ಔಷಧಿನೇ. ಆದ್ರೆ ಪೂರ್ತಿ ಕುಡೀಬೇಕು. ಅರ್ಧಕ್ಕೆ ಬಿಟ್ರೆ ಮೊದಲಿಗಿಂತ ಕಷ್ಟ."

ಮರುದಿನ ಬೆಳಿಗ್ಗೆ ಲಾಡ್ಜಿನ ಕೆಳಗಿನ ಹೋಟೆಲಿನಲ್ಲಿ ಮಾಣಿ ಇನ್ನೂ ಬಾಯಿ ತೆರೆಯುವ ಮೊದಲೇ ರತ್ನಾಕರ "ಪುಟ್ಟು, ಕಡಲೆ, ಎರಡು ಕಾಪಿ," ಎಂದ. ಕಲಸಿದ, ತಿಂದ, ಇನ್ನೊಮ್ಮೆ ಕಡಲೆ ಹಾಕಿಸಿಕೊಂಡ. ಹೆಂಡತಿ ನೋಡುತ್ತಿರುವುದನ್ನು ಕಂಡು, "ಎಂತ ನೋಡ್ತೀ? ಬಿಲ್ಲು ನೀನು ಕೊಡುವುದಾ?" ಎಂದ. ಎಷ್ಟೋ ತಿಂಗಳ ಮೇಲೆ ಕೇಳಿದ ತಮಾಷೆ ಅದು. ರಾಜೀವಿ ಮುಖ ತಿರುಗಿಸಿ ಗಾಜಿನ ಲೋಟದ ಹಿಂದೆ ಕಣ್ಣೊರೆಸಿಕೊಂಡಳು.

ವಿಚಾರಣೆಯ ಕೋಣೆಗೆ ಅರ್ಧಬಾಗಿಲು. ಹೊರಗಿನ ಬೆಂಚಿಗೆ ಒಳಗಿನ ಮಾತೆಲ್ಲ ಕೇಳಿಸುತ್ತಿತ್ತು. ರಾಜೀವಿ ಅಲ್ಲಿ ಕುಳಿತಳು. ವಿಚಾರಣಾಧಿಕಾರಿ ರಾಮದಾಸ ಎಂಬ ಹಿರಿಯರು, ಮುಖ್ಯ ಕಚೇರಿಯಿಂದ ಬಂದವರು. ವಿಠಲನ ಪರವಾಗಿ ವಾದಿಸಲು ಯೂನಿಯನ್ನಿನ ನಾಯಕ ದಾಮೋದರ ಬಂದಿದ್ದ. ರತ್ನಾಕರ ಕುರ್ಚಿಯಲ್ಲಿ ಕೂರುವ ಮೊದಲೇ ದಾಮೋದರನ ಇಂಗ್ಲಿಷು ಶುರುವಾಯಿತು.

"ಸರ್, ಈ ಸಾಕ್ಷಿಯ ಬಗ್ಗೆ ಆಕ್ಷೇಪಣೆ ಇದೆ. ಇವರ ಸಹಿ ಬದಲಾಗಿದೆ ಎಂದು ಬ್ಯಾಂಕೇ ಎಲ್ಲಾ ಶಾಖೆಗಳಿಗೆ ತಿಳಿಸಿದೆ. ಸ್ವಂತ ಹೆಸರನ್ನು ಒಂದೇ ರೀತಿ ಬರೆಯಲಾರದವರ ಮಾತನ್ನು ಈ ಕೋಣೆ ನಂಬಬೇಕೆ?"

ಯಾರೋ ನಕ್ಕರು. ಬ್ಯಾಂಕಿನ ಪರವಾಗಿ ವಾದಿಸಲು ಬಂದವನು ಏನೋ ಗೊಣಗಿದ.

"ಇನ್ನೊಂದು. ನಿನ್ನೆ ಸಂಜೆ ಇವರು ಎಲ್ಲಿದ್ದರು ಎಂದು ಕೇಳಿ. ಉಳ್ಳೂರಿನಲ್ಲಿ ಮಾನಸಿಕ ರೋಗದ ವೈದ್ಯರ ಮನೆಯಲ್ಲಿ. ಹೌದೋ ಅಲ್ಲವೋ, ಅವರೇ ಹೇಳಲಿ."

ಬೆಂಚಿನ ಮೇಲೆ ಕುಳಿತ ರಾಜೀವಿಗೆ ಒಂದೊಂದೇ ನೆನಪಾಯಿತು. ತರಕಾರಿ ಅಂಗಡಿ, ವಿಜಯಾಳ ತುಂಬಿದ ಕಣ್ಣು, ಅಣ್ಣ ಮಾತಾಡಿದ್ದಾನೆ ಎಂಬ ಮಾತು. ಸುದ್ದಿ ಹೋದ ದಾರಿ ಅಷ್ಟು ನೇರವಾಗಿತ್ತು. ಅದನ್ನು ತೆರೆದವಳು ತಾನೇ.

"ಹೌದು, ಹೋಗಿದ್ದೆ," ಎಂದಿತು ರತ್ನಾಕರನ ಸ್ವರ. ಸ್ವರ ಸ್ಥಿರವಾಗಿತ್ತು. "ಅದಕ್ಕೂ ಇದಕ್ಕೂ ಎಂಥ ಸಂಬಂಧ? ನಾನು ನೋಡಿದ್ದೇನೆ ಸರ್. ಹೇಳ್ತೇನೆ. ಬರೆದುಕೊಳ್ಳಿ."

ಟೈಪುರೈಟರಿನ ಸದ್ದು ಕೇಳಿಸಲಿಲ್ಲ. ಒಳಗೆ ಪಿಸುಮಾತು ನಡೆಯಿತು. ಬಳಿಕ ಬ್ಯಾಂಕಿನ ಪರವಾದವನು ಗಂಟಲು ಸರಿಪಡಿಸಿಕೊಂಡು, "ನಮ್ಮ ಕಡೆಯಿಂದ ಈ ಸಾಕ್ಷಿಯನ್ನು ಕೈಬಿಟ್ಟಿದ್ದೇವೆ," ಎಂದ.

"ಸರ್, ನಾನು ಹೇಳ್ಲಿಕ್ಕೆ ಬಂದವನು."

ರಾಮದಾಸರು ಇಂಗ್ಲಿಷನ್ನು ಬಿಟ್ಟರು. ಅವರ ಕನ್ನಡದಲ್ಲಿ ಕರುಣೆ ಇತ್ತು. ಅದಕ್ಕಿಂತ ಕ್ರೂರವಾದದ್ದು ಆ ದಿನ ಬೇರೇನೂ ನಡೆಯಲಿಲ್ಲ. "ರತ್ನಾಕರ್, ನೀವು ಒಳ್ಳೆಯವರು. ಹೊರಗೆ ಹೋಗಿ ಕಾಫಿ ಕುಡೀರಿ. ಸ್ವಲ್ಪ ದಿನ ರಜೆ ತಗೊಳ್ಳಿ. ಸಹಿ ಹಾಕೋ ಕೆಲಸವೆಲ್ಲ ಸದ್ಯಕ್ಕೆ ಬೇರೆಯವರು ನೋಡ್ಕೋತಾರೆ."

ಅರ್ಧಬಾಗಿಲು ತಳ್ಳಿಕೊಂಡು ಹೊರಬಂದವನ ಬಾಯಿ ಇನ್ನೂ ತುಸು ತೆರೆದೇ ಇತ್ತು. ಅಲ್ಲಿ ಒಂದು ವಾಕ್ಯ ನಿಂತಿತ್ತು. ಅದಕ್ಕೆ ಇನ್ನು ಹೋಗಲು ಎಲ್ಲಿಯೂ ಜಾಗವಿರಲಿಲ್ಲ.

ಸಾಕ್ಷಿಯಿಲ್ಲದ ಆರೋಪ ಮಧ್ಯಾಹ್ನದೊಳಗೆ ಬಿದ್ದುಹೋಯಿತು. ಲಾಡ್ಜಿಗೆ ಮರಳಿದ ಮೇಲೆ ರತ್ನಾಕರ ಮಂಚದ ತುದಿಯಲ್ಲಿ ಕುಳಿತು ಬಸ್ಸುಗಳನ್ನು ನೋಡಿದ. ರಾಜೀವಿ ನಡೆದದ್ದನ್ನೆಲ್ಲ ಹೇಳಿದಳು: ವಿಜಯಾಳನ್ನು ಕೇಳಿದವಳು ತಾನು ಎಂದು. ಅವನು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಅವಳು ದೇವರಿಗೆ ಕೈ ಮುಗಿಯುತ್ತಿದ್ದಳು. "ಪಾಪ, ವಿಜಯಾ ಒಳ್ಳೆಯವಳು," ಎಂದ. ಸ್ವಲ್ಪ ಹೊತ್ತಿನ ಬಳಿಕ, ಯಾವುದೋ ಲೆಕ್ಕವನ್ನು ಮೊದಲಿನಿಂದ ಕೂಡಿಸುವವನಂತೆ, "ಎರಡೂ ಕೈಯಾ, ಒಂದೇ ಕೈಯಾ?" ಎಂದು ತನ್ನನ್ನೇ ಕೇಳಿಕೊಂಡ. ಅರ್ಧಕ್ಕೆ ಬಿಟ್ಟ ಔಷಧಿ ಎಂಬ ವೈದ್ಯರ ಮಾತು ಅವಳಿಗೆ ನೆನಪಾಯಿತು.

ಬಿಸಿಲು ಇಳಿಯುವ ಹೊತ್ತಿಗೆ ಬಾಗಿಲು ತಟ್ಟಿದ ಸದ್ದಾಯಿತು. ವಿಠಲ. ಒಬ್ಬನೇ ಒಳಗೆ ಬಂದ. ಮೆಟ್ಟಿಲ ಬಳಿ ದಾಮೋದರ ಯಾರೊಂದಿಗೋ ಜೋರಾಗಿ ನಗುತ್ತಿದ್ದ.

"ಅತ್ತಿಗೆ, ಬೈದುಬಿಡಿ. ಕೇಳಿಸಿಕೊಳ್ಳಲಿಕ್ಕೇ ಬಂದದ್ದು."

"ಬೈದು ಎಂತ ಮಾಡುವುದು?"

"ವಿಜಯಾಳ ತಪ್ಪಿಲ್ಲ. ಅವಳು ಮರುಕದಿಂದ ಹೇಳಿದ್ದು. ನಾನು ದಾಮೋದರನ ಹತ್ತಿರ ಬಾಯಿಬಿಟ್ಟೆ. ನನಗೂ ಮಕ್ಕಳು ಅತ್ತಿಗೆ. ಇವನಿಗೆ ಕೆಲಸ ಹೋಗ್ಲಿಲ್ಲ ಅಲ್ವಾ? ರಜೆ ಅಷ್ಟೇ. ಎರಡೂ ಮನೆ ಉಳೀತು."

"ಕೂತ್ಕೋ ವಿಠಲ," ಎಂದ ರತ್ನಾಕರ. ಕೋಣೆಯಲ್ಲಿದ್ದ ಒಂದೇ ಕುರ್ಚಿಯನ್ನು ತಾನೇ ಎಳೆದುಕೊಟ್ಟ. "ಒಂದು ಕೇಳ್ತೇನೆ. ಇಲ್ಲಿ ಬರೆದುಕೊಳ್ಳುವವರು ಯಾರೂ ಇಲ್ಲ."

"ಕೇಳು ಮಾರಾಯ."

"ನೀನು ದೂಡಿದ್ದಾ?"

ವಿಠಲ ನಗಲು ನೋಡಿದ. "ಇದೆಂಥ ಪ್ರಶ್ನೆ! ಅಲ್ಲಿ ನಿಂತಿದ್ದವನು ನೀನಲ್ವಾ?"

"ನಿಂತಿದ್ದೆ. ನಾನು ಎಂತ ನೋಡಿದೆ ಅಂತ ನೀನು ಹೇಳು."

ಅದು ಸಾಕ್ಷಿಯ ಸ್ವರವಾಗಿರಲಿಲ್ಲ. ಕತ್ತಲಲ್ಲಿ ಗೋಡೆ ತಡವುವವನ ಸ್ವರ. ವಿಠಲನಿಗೂ ಅದು ಅರ್ಥವಾಯಿತೆಂದು ರಾಜೀವಿಗೆ ಅವನ ಮುಖದಿಂದಲೇ ತಿಳಿಯಿತು. ಬೆನ್ನು ಒರೆಸಿದ ಗೆಳೆಯನ ಮುಖ ಅಲ್ಲಿ ಒಂದು ಕ್ಷಣ ಕಂಡಿತು.

"ಹೇಳಿ ವಿಠಲ," ಎಂದಳು ಅವಳು. ತಾನು ಬೇಡುತ್ತಿದ್ದೇನೆಂಬ ನಾಚಿಕೆ ಅವಳಿಗೆ ಉಳಿದಿರಲಿಲ್ಲ. "ಒಂದು ಮಾತು. ಇದ್ದದ್ದನ್ನು ಇದ್ದ ಹಾಗೆ. ನಾವು ಯಾರಿಗೂ ಹೇಳುವುದಿಲ್ಲ. ಹೇಳಿದ್ರೂ ನಂಬುವವರು ಯಾರು? ಅದನ್ನು ನೀವೇ ಸರಿಮಾಡಿ ಇಟ್ಟಿದ್ದೀರಲ್ಲ. ಇವರಿಗೆ ಬೇಕಾದದ್ದು ಅಷ್ಟೇ. ಅದೊಂದು ಸಿಕ್ಕಿದ್ರೆ ಇವರು ಉಳೀತಾರೆ."

ವಿಠಲ ಬಾಯಿ ತೆರೆದ. ಹೊರಗೆ ನಗು ನಿಂತಿತು. ದಾಮೋದರನ ಚಪ್ಪಲಿಯ ಸದ್ದು ಹತ್ತಿರ ಬಂದು ಬಾಗಿಲಿನಾಚೆ ನಿಂತಿತು. "ವಿಠಲಾ, ಬಸ್ಸು ಹಿಡೀಬೇಕು ಮಾರಾಯ. ಮುಗೀಲಿಲ್ವಾ ನಿನ್ನ ಕಷ್ಟಸುಖ?"

ವಿಠಲ ಬಾಗಿಲನ್ನು ನೋಡಿದ, ಗೆಳೆಯನನ್ನು ನೋಡಿದ. ರಾಜೀವಿಯನ್ನು ನೋಡಲಿಲ್ಲ.

"ಜಾರಿ ಬಿದ್ದದ್ದು," ಎಂದ. ಎಷ್ಟೋ ಸಲ ಹೇಳಿ ನುಣುಪಾದ ಮಾತು, ಎಲ್ಲಿಯೂ ತಡೆಯಲಿಲ್ಲ. "ಸಾಹೇಬರು ಜಾರಿ ಬಿದ್ದದ್ದು ಮಾರಾಯ. ನಾನು ಮುಟ್ಟಲೇ ಇಲ್ಲ."

ರತ್ನಾಕರ ತಲೆಯಾಡಿಸಿದ. ಮೇಷ್ಟರು ತಿದ್ದಿದ ತಪ್ಪನ್ನು ಒಪ್ಪಿಕೊಳ್ಳುವ ಒಳ್ಳೆಯ ಹುಡುಗನಂತೆ ಮತ್ತೊಮ್ಮೆ ಆಡಿಸಿದ.

"ಹಾಗಾದ್ರೆ ಸರಿ," ಎಂದ. "ಹುಷಾರಾಗಿ ಹೋಗು. ವಿಜಯಾಳನ್ನು ಕೇಳಿದೆ ಅಂತ ಹೇಳು."

ವಿಠಲ ಎದ್ದ. ಏನನ್ನೋ ಮರೆತವನಂತೆ ಕುರ್ಚಿಯ ಬೆನ್ನನ್ನು ಒಮ್ಮೆ ಮುಟ್ಟಿದ. ಬಾಗಿಲು ತೆರೆದಾಗ ಹೊರಗಿನ ದೀಪದ ಬೆಳಕು, ದಾಮೋದರನ ಬಿಳಿಯ ಪಂಚೆಯ ಅಂಚು, ಬಸ್ಸುಗಳ ಹೊಗೆ ಒಟ್ಟಿಗೆ ಒಳಗೆ ಬಂದವು. ಅವನು ಹೊರಗೆ ಹೋದ; ಅವನ ಹಿಂದೆ ಬಾಗಿಲು ಮುಚ್ಚಿಕೊಂಡಿತು.